ಕತ್ತಿನ ನೆಟಿಗೆ

ಸ್ಟಾಕ್‌ಹೋಮ್
ನವೆಂಬರ್ ೧೨

ಅಪ್ಪ,

ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಅಮ್ಮನಿಗೂ ಕೇಳಿಸುತ್ತದೆ. ಅದಕ್ಕೇ ಸಲೂನಿನ ವಿಳಾಸಕ್ಕೆ ಕೊರಿಯರ್ ಮಾಡುತ್ತಿದ್ದೇನೆ.

ಬೆನ್ನುಮೂಳೆ, ಕೀಲುಗಳನ್ನು ಕೈಯಿಂದಲೇ ಸರಿಪಡಿಸುವುದನ್ನು ಕಲಿಸುವ ನಮ್ಮ ಕೈರೋಪ್ರಾಕ್ಟಿಕ್ ಕಾಲೇಜಿನಲ್ಲಿ ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಕಲಿಯುತ್ತೇವೆ. ಮೂರನೇ ವರ್ಷಕ್ಕೆ ಮುಂಚೆ ಕತ್ತನ್ನು ಮಾತ್ರ ಮುಟ್ಟುವ ಹಾಗಿಲ್ಲ. ನಾನಿನ್ನೂ ಎರಡನೇ ವರ್ಷ. ಸೋಮವಾರ ಫಿಕಾ ಅನ್ನುವ ಇಲ್ಲಿನ ಬಿಡುವಿನಲ್ಲಿ ಕಾಫಿ ಕುಡಿಯುವಾಗ ಸಹಪಾಠಿ ಲಿನಿಯಾ ಕತ್ತು ಹಿಡಿದುಕೊಂಡಿದೆ ಎಂದಳು. ಕ್ಷೌರ ಮುಗಿಸಿ ನೀನು ಗಿರಾಕಿಗಳಿಗೆ ನೆಟಿಗೆ ತೆಗೆಯುತ್ತೀಯಲ್ಲ, ಹಾಗೆಯೇ ತೆಗೆದೆ. ಲಟಕ್ಕೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಐದು ನಿಮಿಷಕ್ಕೆ ಅವಳ ಕೈಯಿಂದ ಕಪ್ ಜಾರಿತು, ಮಾತು ತೊದಲಿತು. ಈಗ ಆಸ್ಪತ್ರೆಯಲ್ಲಿದ್ದಾಳೆ. ಕತ್ತಿನ ರಕ್ತನಾಳ ಸೀಳಿ ಲಕ್ವ ಹೊಡೆದಿದೆಯಂತೆ.

ತಿಂಗಳ ಕೊನೆಗೆ ವಿಚಾರಣೆ ಇದೆ. ಇದನ್ನು ಹಿಂದೆ ಯಾರ್ಯಾರಿಗೆ ಮಾಡಿದ್ದೇನೆಂದು ನಾನು ಬರೆದು ಕೊಡಬೇಕು.

ಇನ್ನು ಮೇಲೆ ನೀನು ಯಾರ ಕತ್ತಿಗೂ ಕೈ ಹಾಕಬೇಡ. ಕೇಳಿದರೆ ಮಣಿಕಟ್ಟು ನೋವು ಅನ್ನು.

ಇನ್ನೊಂದು ಕೆಲಸ. ನಮ್ಮ ಹಳೇ ಗಿರಾಕಿ ರಾಜಗೋಪಾಲ ಮೇಷ್ಟ್ರ ಮನೆಯಲ್ಲಿ ಹೇಗಾದರೂ ವಿಚಾರಿಸು. ಅವರಿಗೆ ಲಕ್ವ ಹೊಡೆದು ತೀರಿಕೊಂಡದ್ದು ಮಂಗಳವಾರವೇ ಅಲ್ಲವಾ, ನಮ್ಮ ಅಂಗಡಿಗೆ ರಜೆ ಇದ್ದ ದಿನ? ಹಿಂದಿನ ದಿನ ನೆಟಿಗೆ ತೆಗೆಸಿಕೊಂಡು ನಮ್ಮ ಕುರ್ಚಿಯಿಂದ ಎದ್ದಾಗ ಅವರ ಕೈಯಿಂದ ಪೇಪರ್ ಜಾರಿತ್ತು. "ವಯಸ್ಸಾಯ್ತು ಕಣೋ" ಎಂದು ನಕ್ಕಿದ್ದರು.

ನೀನು ಹೆದರಬೇಡ. ಅವತ್ತು ನೀನು ಊಟಕ್ಕೆ ಹೋಗಿದ್ದೆ. ಕುರ್ಚಿಯ ಹಿಂದೆ ನಿಂತಿದ್ದವನು ನಾನು.

ನಿನ್ನ
ಧೀರಜ್