ಅಜ್ಜನ ಬಾಯಿಯ ಅಚ್ಚು

ಸೆಬು ನಗರ
ಅಕ್ಟೋಬರ್ ೨೪, ಮಂಗಳವಾರ

ಪ್ರೀತಿಯ ಅಜ್ಜೀ,

ಅಜ್ಜನನ್ನು ಸಮಾಧಿ ಮಾಡುವಾಗ ಅವರ ಬಾಯಲ್ಲಿ ಕಟ್ಟಿಸಿದ ಹಲ್ಲು ಇರಲಿಲ್ಲ. ನಾನೇ ಕೂರಿಸಿದ್ದೇನೆ ಎಂದು ಅವತ್ತು ಹೇಳಿದ್ದು ಸುಳ್ಳು. ಐದು ವರ್ಷ ಮುಚ್ಚಿಟ್ಟದ್ದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನಿನ್ನ ಮಂಡಿನೋವು, ಕೋಳಿಗಳು, ಕ್ರಿಸಾಂತಾ ಅತ್ತೆಯ ಮುಂಗೋಪ ವಿಚಾರಿಸುತ್ತಲೇ ಕಾಗದ ಮುಗಿದುಹೋಗುತ್ತಿತ್ತು. ಮಂಡಿ ಹೇಗಿದೆ? ತೆಂಗಿನೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀಯಾ? ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನಾನು ಮತ್ತೆ ಸುಳ್ಳು ಹೇಳುತ್ತೇನೆ.

ಶಾಲೆ ಬಿಟ್ಟು, ಬೇಕರಿ ಬಿಟ್ಟು, ಬಟ್ಟೆ ಅಂಗಡಿಯನ್ನೂ ಬಿಟ್ಟ ನನ್ನನ್ನು ಈ ಹಲ್ಲು ಕಟ್ಟುವ ಲ್ಯಾಬಿಗೆ ಸೇರಿಸಿದ್ದು ಅಜ್ಜ. ಅವರ ಐದು ಹಲ್ಲಿನ ಲೋಹದ ಸೆಟ್ಟು ಇಲ್ಲೇ ತಯಾರಾದದ್ದು. "ಇವ್ಳು ಒಂದ್ ಕಡೆ ಕೂತ್ರೆ ಅದೇ ಪವಾಡ" ಎಂದು ನಮ್ಮ ಮೇಸ್ತ್ರಿ ಎಲ್ಪಿದ್ಯೊ ಅವರಿಗೆ ಒಪ್ಪಿಸಿದ್ದರು. ಮರುವರ್ಷ ಸೆಟ್ಟಿನ ಕೊಕ್ಕೆ ಸಡಿಲವಾಯಿತೆಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಊರಿನಿಂದ ದೋಣಿಯಲ್ಲಿ ಕಳಿಸಿದರು. ಮೇಸ್ತ್ರಿ ಮುಟ್ಟಲಿಲ್ಲ. "ಬರೀ ಹಲ್ಲು ಕಳ್ಸಿದ್ರೆ ನಾನೇನ್ ಮಾಡ್ಲೇ? ಬಾಯಿ ಬರ್ಲಿ. ಹಳೇ ಅಚ್ಚು ಆಗಲ್ಲ, ಬದುಕಿರೋರ ಬಾಯಿ ದಿನಾ ಬದಲಾಗುತ್ತೆ" ಎಂದರು. ಕಾಯುವುದು ನನಗೆ ಗೊತ್ತಿದ್ದರೆ ತಾನೆ! ಅವರು ಊಟಕ್ಕೆ ಹೋದಾಗ ಇಕ್ಕಳ ಹಿಡಿದು ಕೊಕ್ಕೆಯನ್ನು ಬಿಗಿ ಮಾಡಿದೆ. ಸರಿಹೋಯಿತು. ಇನ್ನೊಂದು ಚೂರು ಎಂದು ಅದುಮಿದೆ. ಕಟ್ ಎಂದು ಮುರಿಯಿತು.

ಯಾರಿಗೂ ಹೇಳಲಿಲ್ಲ. ಲೋಹ ಬಂದಿಲ್ಲ, ಮುಂದಿನ ವಾರ, ಅದರ ಮುಂದಿನ ವಾರ ಎಂದು ಅಜ್ಜನಿಗೆ ಹೇಳುತ್ತಲೇ ಎರಡು ತಿಂಗಳು ಕಳೆದೆ. ಹುರಿದ ಹಂದಿಚರ್ಮವನ್ನು ಕರುಂ ಕರುಂ ಅಗಿಯುತ್ತಿದ್ದ ಮನುಷ್ಯ ಆ ಎರಡು ತಿಂಗಳು ಗಂಜಿ ಕುಡಿದು, ಒಂದು ಬೆಳಿಗ್ಗೆ ಸತ್ತರು. ಹೆಣ ಸಿದ್ಧಪಡಿಸುವವನು ಹಲ್ಲು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ಖಾಲಿ ಮುಷ್ಟಿ ಬಿಗಿಹಿಡಿದು ಒಳಗೆ ಹೋಗಿ ಬಾಯಿಗೆ ಹತ್ತಿ ತುಂಬಿಸಿ ಬಂದೆ. ಶವಪೆಟ್ಟಿಗೆಯ ಗಾಜಿನ ಮೇಲೆ ಬಾಗಿ ನೀನು, "ನೋಡಿ, ನಮ್ಮ ಹುಡುಗಿ ಎಷ್ಟ್ ಚೆಂದ ಕೂರ್ಸಿದಾಳೆ, ನಗ್ತಾ ಇರೋ ಹಾಗಿದೆ" ಎಂದೆ. ಆ ಮಾತು ಈಗಲೂ ಕಿವಿಯಲ್ಲಿದೆ.

ಆಮೇಲೆ ನಿನ್ನ ಕನಸುಗಳು ಶುರುವಾದವು. ಸತ್ತವರ ಹಬ್ಬಕ್ಕೆ ಅಜ್ಜನಿಗೆ ತಟ್ಟೆ ಇಟ್ಟಾಗಲೆಲ್ಲ ನೀನು ಹೇಳುವುದು ಒಂದೇ: "ಬರ್ತಾರೆ, ಕೂರ್ತಾರೆ, ಬಾಯಿಗೆ ಕೈ ಅಡ್ಡ ಇಟ್ಕೊಂಡು ನನ್ನೇ ನೋಡ್ತಾರೆ. ತುತ್ತು ಮುಟ್ಟಲ್ಲ." ಅತ್ತೆ, "ಅಲ್ಲಿ ಯಾವಳ್ನೋ ನೋಡಿ ನಾಚ್ಕೊಂಡಿರ್ತಾರೆ ಬಿಡವ್ವ" ಎಂದು ನಗಿಸಿದರೂ ನೀನು ನಗುವುದಿಲ್ಲ. ಕೊನೆಯ ದಿನ ಗಂಜಿ ಸೇರದೆ ಕೂತಿದ್ದವರಿಗೆ "ತಿಂದ್ರೆ ತಿನ್ನಿ, ಬಿಟ್ರೆ ಬಿಡಿ" ಎಂದು ನೀನು ಗದರಿದ್ದಕ್ಕೆ ಅವರ ಸಿಟ್ಟು ಇನ್ನೂ ಇಳಿದಿಲ್ಲ ಎಂದು ವರ್ಷಾವರ್ಷ ಚರ್ಚಿನಲ್ಲಿ ಪೂಜೆ ಮಾಡಿಸುತ್ತೀ. ನಾನು ಫೋನಿನ ಈ ತುದಿಯಲ್ಲಿ ಹೂಂ ಎನ್ನುತ್ತೇನೆ. ನನ್ನ ಬಟ್ಟೆಪೆಟ್ಟಿಗೆಯ ತಳದಲ್ಲಿ ಬಿಸ್ಕತ್ತಿನ ಡಬ್ಬಿ ಇರುತ್ತದೆ.

ಸ್ಮಶಾನದಲ್ಲಿ ಬಾಡಿಗೆಗೆ ಹಿಡಿದ ಸಮಾಧಿಗೂಡಿನ ಐದು ವರ್ಷದ ಗುತ್ತಿಗೆ ಮುಗಿಯಿತು, ಗುರುವಾರ ಅದನ್ನು ಒಡೆದು ಅಜ್ಜನ ಮೂಳೆ ತೆಗೆದು ಪೆಟ್ಟಿಗೆಗೆ ತುಂಬುತ್ತಾರೆ ಎಂದು ಅತ್ತೆ ತಿಳಿಸಿದ ದಿನ ಲ್ಯಾಬಿನ ಅಟ್ಟ ಹತ್ತಿದೆ. ಮೇಸ್ತ್ರಿ ಹಳೆಯ ಅಚ್ಚುಗಳನ್ನು ಎಸೆಯುವುದಿಲ್ಲ. ಪೆನ್ಸಿಲಿನಲ್ಲಿ ಅಜ್ಜನ ಹೆಸರಿದ್ದ ಸುಣ್ಣದಚ್ಚು ಸಿಕ್ಕಿತು. ಮುಕ್ಕಾದ ಮುಂದಿನ ಹಲ್ಲು, ಅಂಗುಳಿನ ಗೆರೆಗಳು, ಎಲ್ಲ ಹಾಗೇ. ಕೆಳಗೆ ತಂದು ಎಲ್ಲವನ್ನೂ ಹೇಳಿದೆ. ಮೇಸ್ತ್ರಿ ಅಚ್ಚನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ. "ಇದ್ರ ಮೇಲೇ ಮಾಡು. ಇನ್ನು ಈ ಬಾಯಿ ಬದಲಾಗಲ್ಲ" ಎಂದರು. ಹೊಸ ಕೊಕ್ಕೆ ಎರಕ ಹೊಯ್ದು, ಬೆಸೆದು, ಉಜ್ಜಿ ಉಜ್ಜಿ ನುಣುಪು ಮಾಡಿದೆ. ಎರಡು ಸಲ ಹಿಂದಿರುಗಿಸಿದರು: "ಸತ್ತೋರ ನಾಲಿಗೆಗೂ ಒರಟು ತಾಗ್ಬಾರ್ದು ಕಣೇ." ಇವತ್ತು ಮಧ್ಯಾಹ್ನ ಅಚ್ಚಿಗೆ ಕೂರಿಸಿದೆ. ಟಕ್ ಎಂದಿತು. ಊಟಕ್ಕೆ ಕೂರುವ ಮುಂಚೆ ಅಜ್ಜ ನಾಲಿಗೆಯಿಂದ ಒತ್ತಿ ಮಾಡುತ್ತಿದ್ದ ಅದೇ ಸದ್ದು. ತಿರುಗಿ ನೋಡಿದೆ ಅಜ್ಜೀ. ಯಾರೂ ಇರಲಿಲ್ಲ.

ಅತ್ತೆಗೆ ನನ್ನ ನಮಸ್ಕಾರ. ಆಶೀರ್ವಾದ ಕೇಳುವ ಮುಖ ನನಗಿಲ್ಲ. ಆದರೂ ನಿನ್ನ ಕೈಯನ್ನು ಇಲ್ಲಿಂದಲೇ ಹಣೆಗೆ ಒತ್ತಿಕೊಳ್ಳುತ್ತೇನೆ.

ನಿನ್ನ
ಜೊವೆಲಿನ್

ತಾ.ಕ.: ದೋಣಿ ಹೊರಡುವ ಹೊತ್ತಾಯಿತು, ಊರಿಗೆ ಹೊರಟ ಪಕ್ಕದ ಮನೆಯವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಗುರುವಾರ ತಲೆಬುರುಡೆ ತೊಳೆಯುವವಳು ನೀನು, ಹಲ್ಲು ಹುಡುಕುತ್ತೀ ಎಂಬ ಭಯಕ್ಕೂ ಬರೆದೆ. ಆ ಭಯ ಇರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಆದರೆ ಅಜ್ಜ ತಟ್ಟೆ ಮುಟ್ಟದಿರುವುದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ಅವರಿಗೆ ಹಲ್ಲಿಲ್ಲ, ಅಷ್ಟೇ. ನಾನು ಹಲ್ಲು ತಂದು ಕೂರಿಸುವ ತನಕ ಮೂಳೆಪೆಟ್ಟಿಗೆ ಮುಚ್ಚಲು ಬಿಡಬೇಡ. ನಾಳೆ ಬೆಳಗಿನ ಮೊದಲ ದೋಣಿಗೆ ಹೊರಡುತ್ತೇನೆ.