ಹಿರಿಯರ ಹಡಗಿನಲ್ಲಿ ನಾವು ಮೂವರು

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ, ತಂಗಿಯ ನಮಸ್ಕಾರ.

ನಿನ್ನ ಎರಡು ಪತ್ರಗಳೂ ಬಂದು ಸೇರಿವೆ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಕೈ ನಿಂತುಬಿಡುತ್ತಿತ್ತು. ನಿನ್ನ ಮಂಡಿನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ಭಾವ ಈಗಲಾದರೂ ಕೆಳಗಿನ ಕೋಣೆಯನ್ನು ನಿನಗೆ ಬಿಟ್ಟುಕೊಟ್ಟರೋ ಇಲ್ಲವೋ?

"ಹಡಗಿನಲ್ಲಿ ಮಕ್ಕಳು ಕುಣಿದಾಡಿದರಾ?" ಎಂದು ಕೇಳಿದ್ದೀಯ. ಇಲ್ಲ ಅಕ್ಕ. ಆ ಹಡಗಿನಲ್ಲಿ ಕುಣಿದವರೆಲ್ಲ ಎಪ್ಪತ್ತು ದಾಟಿದವರು.

ನಿನಗೆ ಗೊತ್ತಲ್ಲ, ಮುಂದಿನ ತಿಂಗಳು ನ್ಯಾಯಾಧೀಶರು ಮಕ್ಕಳನ್ನೇ ಕರೆದು, ಅಪ್ಪನ ಮನೆಯಲ್ಲೇ ಇರುತ್ತೀರೋ ಅಮ್ಮನ ಹತ್ತಿರ ಬರುತ್ತೀರೋ ಎಂದು ಕೇಳುತ್ತಾರೆ. ಅದಕ್ಕೂ ಮುಂಚೆ ಅವರ ಜೊತೆ ನನಗೆ ಸಿಕ್ಕಿದ್ದು ಒಂದೇ ವಾರ. ಮನೆಗೆ ಕರೆತಂದರೆ ದೊಡ್ಡವಳು ಗೆಳತಿಯರ ಮನೆ ಅನ್ನುತ್ತಾಳೆ, ಚಿಕ್ಕವನು ಫೋನಿನೊಳಗೆ ಇಳಿದರೆ ಮೇಲೆ ಬರುವುದಿಲ್ಲ. ಸುತ್ತ ನೀರಿದ್ದರೆ ಎಲ್ಲಿಗೆ ಹೋಗುತ್ತಾರೆ ಎಂದು ಲೆಕ್ಕ ಹಾಕಿದೆ. ಟಿಕೆಟ್ ಕೊಟ್ಟ ಏಜೆಂಟ್ ಬೇರೆ, "ಒಳಗೆ ಎಲ್ಲಾ ಇರುತ್ತೆ ಮೇಡಂ, ನೀವು ಹತ್ತಿದ್ರೆ ಸಾಕು" ಎಂದಿದ್ದ.

ಹತ್ತಿದೆವು. ಎಲ್ಲಿ ನೋಡಿದರೂ ಬಿಳಿತಲೆ, ಊರುಗೋಲು, ಗಾಲಿಕುರ್ಚಿ. ದೊಡ್ಡವಳು ಸ್ವಾಗತದ ಮೇಜಿನ ಹುಡುಗಿಯನ್ನು ಕೇಳಿದಳು, "ನಮ್ಮ ವಯಸ್ಸಿನವರಿಗೆ ಏನಿದೆ?" ಪಾಪ, ಆ ಹುಡುಗಿ ನನ್ನನ್ನೂ ಮಕ್ಕಳನ್ನೂ ಒಮ್ಮೆ ನೋಡಿ, "ಇದು ಶಾಂತವಾಗಿ ಪ್ರಯಾಣ ಮಾಡೋರಿಗೆ ಅಂತಲೇ ಇರೋ ಹಡಗು. ಹುಡುಗರಿಗೆ ಅಂತ ಬೇರೆ ಏನೂ ಇಲ್ಲ. ಗ್ರಂಥಾಲಯ ಚೆನ್ನಾಗಿದೆ" ಎಂದಳು. ಚಿಕ್ಕವನು ನನ್ನ ಕಡೆ ತಿರುಗಿ, "ಅಮ್ಮಾ, ಇದು ಹಡಗಲ್ಲ, ತೇಲೋ ವೃದ್ಧಾಶ್ರಮ" ಎಂದ. ನಾನು ನಕ್ಕೆ. ಅವನು ನಗಲಿಲ್ಲ.

ಆಮೇಲೆ ನಾನು ಪಟ್ಟ ಪಾಡು ಕೇಳಬೇಡ. ಚಿತ್ರ ಬರೆಯುವ ತರಗತಿಗೆ ಎಳೆದೊಯ್ದೆ. ಇಸ್ಪೀಟು ಕಲಿಸಲು ಕೂರಿಸಿದೆ. ಈಜುಕೊಳದ ಹತ್ತಿರ ಹೋದರೆ, ಈಗ ದೊಡ್ಡವರ ಹೊತ್ತು ಎಂದು ಕಾವಲಿನವನು ಮೆಲ್ಲಗೆ ವಾಪಸು ಕಳಿಸಿದ. ಡೆಕ್ಕಿನ ಮೇಲೆ ಸುಮ್ಮನೆ ಕೂತಿದ್ದರೂ "ಏನಾದ್ರೂ ಬೇಕಾ? ಬೇಜಾರಾಗ್ತಿದೆಯಾ?" ಎಂದು ನಾನೇ ಕೆದಕುತ್ತಿದ್ದೆ. ಕೊನೆಗೆ ದೊಡ್ಡವಳು ಕಿವಿಯಿಂದ ಇಯರ್‌ಫೋನ್ ತೆಗೆದು ಹೇಳಿದಳು, "ಅಮ್ಮ, ನೀನು ಯಾಕೆ ಪರೀಕ್ಷೆ ಬರೀತಿರೋ ಥರ ಇರ್ತೀಯ?" ಹದಿನಾರು ವರ್ಷದ ಹುಡುಗಿ.

ಒಂದು ಊಟ ಮಾತ್ರ ಚೆನ್ನಾಗಿತ್ತು. ನಮ್ಮ ಮೇಜಿಗೆ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ಬಂದು ಕೂತರು. ಹಗಲೆಲ್ಲ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವಳ ಕಣ್ಣು ಎಲ್ಲಿಗೆ ಹೋಗುತ್ತದೆ ಹೇಳು. ಅವರು ಎದ್ದು ಹೋದ ಮೇಲೆ ಚಿಕ್ಕವನ ಕಿವಿಯಲ್ಲಿ, "ಮೇಲಿನದು ಸೆಟ್ಟು, ಕೆಳಗಿನದು ಸ್ವಂತ" ಎಂದೆ. "ಹೇಗೆ ಗೊತ್ತಾಯ್ತು?" ಎಂದ. ಸೇಬನ್ನು ಮುಂದಿನ ಹಲ್ಲಿನಲ್ಲಿ ಕಚ್ಚಲಿಲ್ಲ, ಪಕ್ಕದಲ್ಲಿ ಕಚ್ಚಿದರು ಎಂದು ತೋರಿಸಿಕೊಟ್ಟೆ. ಮುಗೀತು ನೋಡು. ಊಟ ಮುಗಿಯುವವರೆಗೆ ಮೂವರೂ ಊಟದ ಕೋಣೆಯಲ್ಲಿದ್ದವರೆಲ್ಲರ ಬಾಯಿ ನೋಡುತ್ತ, ಯಾರದು ಸೆಟ್ಟು, ಯಾರದು ಸ್ವಂತ ಎಂದು ಪಂದ್ಯ ಕಟ್ಟಿದೆವು. ದೊಡ್ಡವಳು ನಗು ತಡೆಯಲಾರದೆ ನೀರು ಮೂಗಿಗೆ ಹತ್ತಿಸಿಕೊಂಡಳು. ಆ ನಗುವನ್ನು ನಾನು ಎಷ್ಟು ಕಾಲದಿಂದ ಕೇಳಿರಲಿಲ್ಲ!

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆಸೆಗೆ ಬುದ್ಧಿ ಎಲ್ಲಿ? ಮರುದಿನ ತಿಂಡಿಯ ಹೊತ್ತಿಗೇ ಬಾಯಿಬಿಟ್ಟೆ. ಮನೆಯ ಚಿಕ್ಕ ಕೋಣೆಗೆ ಬಣ್ಣ ಹೊಡೆಸಿದ್ದೇನೆ, ಒಂದರ ಮೇಲೊಂದು ಮಂಚ ಹಾಕಿಸಿದ್ದೇನೆ, ಲ್ಯಾಬಿನಲ್ಲಿ ಬೇಗ ಬಿಡಲು ಒಪ್ಪಿದ್ದಾರೆ ಎಂದೆಲ್ಲ ಹೇಳಿ, "ಬರ್ತೀರಲ್ವಾ?" ಎಂದೆ. ದೊಡ್ಡವಳು ಚಮಚ ಕೆಳಗಿಟ್ಟಳು. ಚಿಕ್ಕವನು ತಟ್ಟೆ ದೂಡಿ ಎದ್ದು ಹೋದ.

ಸ್ವಲ್ಪ ಹೊತ್ತು ಬಿಟ್ಟು ಬರುತ್ತಾನೆಂದುಕೊಂಡೆ. ಬರಲಿಲ್ಲ. ಕೋಣೆಯಲ್ಲಿಲ್ಲ, ಗ್ರಂಥಾಲಯದಲ್ಲಿಲ್ಲ. ಅವತ್ತು ಸಮುದ್ರವೂ ಒರಟಾಗಿತ್ತು, ಗೋಡೆ ಹಿಡಿಯದೆ ನಡೆಯುವ ಹಾಗಿರಲಿಲ್ಲ. ಧ್ವನಿವರ್ಧಕದಲ್ಲಿ ಅವನ ಹೆಸರು ಕೂಗಿಸಿದರು. ಡೆಕ್ಕಿನ ಕಂಬಿ ಹಿಡಿದು ಕೆಳಗೆ ನೋಡಿದೆ ಅಕ್ಕ. ಆ ನೀರು ನೋಡಿದಾಗ ನನ್ನ ಮನಸ್ಸಿಗೆ ಬಂದದ್ದನ್ನು ಬರೆಯಲಾರೆ. ದೊಡ್ಡವಳು ಬಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಅಳಬೇಡ ಅಮ್ಮ, ಮೊದಲು ಹುಡುಕೋಣ" ಎಂದಳು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿದ್ದರೂ ಮೂಲೆ ಮೂಲೆ ಹುಡುಕಿದವಳು ಅವಳೇ.

ಸಿಕ್ಕಿದ್ದು ಎಲ್ಲಿ ಗೊತ್ತೇ? ಪ್ರಯಾಣಿಕರು ಬಟ್ಟೆ ಒಗೆದುಕೊಳ್ಳುವ ಕೋಣೆಯಲ್ಲಿ. ಯಂತ್ರದ ಮುಂದೆ ನೆಲದ ಮೇಲೆ ಕೂತು, ಯಾರದೋ ಬಟ್ಟೆ ತಿರುಗುವುದನ್ನು ನೋಡುತ್ತಿದ್ದ. ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಿರಲಿಲ್ಲ. ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. "ಯಾಕೋ ಇಲ್ಲಿ ಬಂದು ಕೂತಿದ್ದೀಯ?" ಎಂದೆ.

"ಇಲ್ಲಿ ಯಾರೂ ನನ್ನ ಏನೂ ಕೇಳಲ್ಲಮ್ಮ."

ಹದಿಮೂರು ವರ್ಷದವನ ಬಾಯಲ್ಲಿ ಈ ಮಾತು. ಅಪ್ಪ ಕೇಳುತ್ತಾನೆ, ವಕೀಲರು ಕೇಳುತ್ತಾರೆ, ನಾಳೆ ನ್ಯಾಯಾಧೀಶರು ಕೇಳುತ್ತಾರೆ, ಈಗ ನಾನೂ ಸೇರಿಕೊಂಡೆ. ಅವನ ಪಕ್ಕದಲ್ಲೇ ನೆಲಕ್ಕೆ ಕೂತೆ. ದೊಡ್ಡವಳು ಇನ್ನೊಂದು ಪಕ್ಕದಲ್ಲಿ. ಯಂತ್ರ ನಿಲ್ಲುವವರೆಗೂ ಮೂವರೂ ಆ ಬಟ್ಟೆ ತಿರುಗುವುದನ್ನೇ ನೋಡಿದೆವು. ಬಟ್ಟೆ ತೆಗೆದುಕೊಳ್ಳಲು ಬಂದ ಅಜ್ಜಿ ನಮ್ಮ ಮೂವರನ್ನೂ ದಾಟಿಕೊಂಡು ಹೋಗಿ ಬುಟ್ಟಿ ತುಂಬಿಕೊಂಡು, "ಕೂತಿರಿ, ಕೂತಿರಿ" ಎಂದು ಹೋದರು.

ಉಳಿದ ದಿನಗಳಲ್ಲಿ ನಾನು ಮತ್ತೆ ಆ ಮಾತೆತ್ತಲಿಲ್ಲ. ಅವನು ಪೋಸ್ಟ್‌ಮಾಸ್ಟರರ ಜೊತೆ ಚದುರಂಗ ಆಡಿದ, ಸೋತ, ಮತ್ತೆ ಆಡಿದ. ಇಳಿಯುವ ದಿನ ಬೆಳಿಗ್ಗೆ ಬಟ್ಟೆ ಮಡಚುತ್ತ ದೊಡ್ಡವಳೇ ಹೇಳಿದಳು: "ಅಮ್ಮ, ನಾವು ಅಲ್ಲೇ ಇರ್ತೀವಿ. ಸ್ಕೂಲು, ಫ್ರೆಂಡ್ಸು, ಎಲ್ಲಾ ಅಲ್ಲೇ ಇದೆ. ರಜಕ್ಕೆ ಬರ್ತೀವಿ. ನೀನಂದ್ರೆ ಇಷ್ಟ ಇಲ್ಲ ಅಂತಲ್ಲ." ನಾನು "ಆಯ್ತು ಕಣೆ" ಎಂದೆ. ಬೇರೆ ಏನು ಹೇಳಲಿ? ವಕೀಲರಿಗೆ ನಿನ್ನೆ ಫೋನ್ ಮಾಡಿ, ಮಕ್ಕಳನ್ನು ಕರೆಸುವುದು ಬೇಡ, ನಾನು ಒಪ್ಪಿದ್ದೇನೆ ಎಂದು ತಿಳಿಸಿದೆ. ಅವರು, "ಇನ್ನೊಂದ್ಸಲ ಯೋಚನೆ ಮಾಡಿ" ಎಂದರು. ಯೋಚಿಸಿ ಯೋಚಿಸಿಯೇ ಇಲ್ಲಿಗೆ ಬಂದಿದ್ದೇನೆ. ಆ ಚಿಕ್ಕ ಕೋಣೆಯ ಬಾಗಿಲು ಮುಚ್ಚಿಟ್ಟಿದ್ದೇನೆ. ಮನೆಯಲ್ಲಿ ಓಡಾಡುವಾಗ ಆ ಕಡೆ ಹೋಗುವುದಿಲ್ಲ.

ನೀನು ಬಾ ಎನ್ನಬೇಡ, ನಾನು ಬರಲಾರೆ, ಲ್ಯಾಬಿನಲ್ಲಿ ಕೆಲಸ ತುಂಬಾ ಇದೆ. ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಸುಖವಾಗಿರಲಿ, ನಿನ್ನ ಕಣ್ಣೆದುರೇ ಇರಲಿ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಒಂದನ್ನು ಬರೆಯಬಾರದೆಂದುಕೊಂಡಿದ್ದೆ. ಬಂದರಿನ ಹೊರಗೆ ಅವರಪ್ಪನೂ ಅವನ ಈಗಿನ ಹೆಂಡತಿಯೂ ಕಾರಿನ ಹತ್ತಿರ ಕಾಯುತ್ತಿದ್ದರು. ನಾನು ಬಗ್ಗಿ ಪೆಟ್ಟಿಗೆಯ ಪಟ್ಟಿ ಬಿಗಿಯುತ್ತಿದ್ದೆ. ಚಿಕ್ಕವನು "ಅಮ್ಮಾ!" ಎಂದು ಕೂಗಿದ. "ಬಂದೆ ಕಣೋ" ಎಂದು ತಲೆ ಎತ್ತಿದೆ. ಅವನು ಕೈ ಬೀಸುತ್ತ ಆಕೆಯ ಕಡೆ ಓಡುತ್ತಿದ್ದ. ನಾನು ಓಗೊಟ್ಟದ್ದು ಅವನಿಗೆ ಕೇಳಿಸಲಿಲ್ಲ. ದೊಡ್ಡವಳಿಗೆ ಕೇಳಿಸಿತು. ನನ್ನ ಮುಖ ನೋಡದೆ, "ಬಿಡಮ್ಮ, ಪೆಟ್ಟಿಗೆ ನಾನು ತಗೋತೀನಿ" ಎಂದಳು.