ಹಾಫ್ ಬ್ಯಾಕಿಗೆ ಒಂದು ಶಾಲು

ಬಂದರ್, ಮಂಗಳೂರು
9 ಡಿಸೆಂಬರ್ 1964

ಮದ್ರಾಸಿನಲ್ಲಿರುವ ಗುರುವಪ್ಪನವರಿಗೆ ದೇಯಿಯ ನಮಸ್ಕಾರ.

ನಾನೂ ಮುದ್ದುವೂ ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ನೀವೇ ನಾಲ್ಕು ಪುಟ ಬರೆದಿದ್ದೀರಿ, ಆದ್ದರಿಂದ ಕೇಳುವುದಿಲ್ಲ. ಅದರಲ್ಲಿ ನಿಮ್ಮ ಬಲಮಂಡಿಗೆ ಒಂದೂವರೆ ಪುಟ, ಏಳು ವರ್ಷದ ಮಗಳಿಗೆ ಒಂದು ಸಾಲು. ಆ ಸಾಲಿನಲ್ಲೂ ಅವಳು ಒಂದನೇ ಕ್ಲಾಸು ಎಂದಿದ್ದೀರಿ. ಅವಳು ಎರಡನೆಯದಕ್ಕೆ ಹೋಗಿ ಆರು ತಿಂಗಳಾಯಿತು.

ಮಂಡಿ ಹೋಯಿತು, ಫುಟ್ಬಾಲು ಮುಗಿಯಿತು, ಜನವರಿಯಲ್ಲಿ ಊರಿಗೆ ಬಂದುಬಿಡುತ್ತೇನೆ ಎಂದಿದ್ದೀರಿ. ಬಂದರಿನ ಕ್ಲಬ್ಬಿನವರು ಸನ್ಮಾನ ಇಟ್ಟುಕೊಂಡಿದ್ದಾರಂತೆ. ಅಲ್ಲಿ ಓದುವ ಭಾಷಣವನ್ನು ನಾನು ತಿದ್ದಿಕೊಡಬೇಕಂತೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಹೆಂಡತಿ ಕನ್ನಡ ಟೀಚರ್ ಎಂಬುದು ನಿಮಗೆ ಉಪಯೋಗಕ್ಕೆ ಬಂತು.

ಸನ್ಮಾನದ ವಿಷಯ ನನಗೆ ಮೊದಲೇ ಗೊತ್ತು. ಒಣಮೀನಿನ ಗೋದಾಮಿನ ಅಲಿಯಬ್ಬ ಕಳೆದ ವಾರ ಶಾಲೆಯ ಗೇಟಿನವರೆಗೆ ಬಂದಿದ್ದರು. ಈಗ ಅವರೇ ಕ್ಲಬ್ಬಿನ ಅಧ್ಯಕ್ಷರು. "ಟೀಚರೇ, ನಮ್ಮ ಗುರುವಪ್ಪಣ್ಣನಿಗೆ ಒಂದು ಶಾಲು ಹಾಕದಿದ್ದರೆ ಹೇಗೆ? ಇಡೀ ಇಂಡಿಯಾ ಸುತ್ತಿ ಆಡಿದ ಜನ ಬಂದರಿನಲ್ಲಿ ಬೇರೆ ಯಾರುಂಟು?" ಎಂದರು. ಸುತ್ತಿದ್ದು ನಿಜ, ಅದಕ್ಕೆ ಶಾಲು ಹಾಕುವುದಾದರೆ ಬಸ್ಸಿನ ಡ್ರೈವರಿಗೂ ಹಾಕಬಹುದು ಎಂದೆ. ಪಾಪ, ಅವರು ತಮಾಷೆ ಎಂದುಕೊಂಡು ನಕ್ಕರು.

ಭಾಷಣ ಓದಿದೆ. ಅಕ್ಷರದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಸುಳ್ಳನ್ನು ತಿದ್ದಲು ಬರುವುದಿಲ್ಲ, ಅಡ್ಡಗೆರೆ ಎಳೆದಿದ್ದೇನೆ.

"ದೊಡ್ಡ ದೊಡ್ಡ ತಂಡಗಳು ನನ್ನನ್ನು ಬೇಡಿ ಕರೆದವು." ಯಾವುದು? ಬೊಂಬಾಯಿಯ ಗಿರಣಿಯ ತಂಡದಲ್ಲಿ ಆಡಲೆಂದು ಅಲ್ಲಿ ಹೆಸರಿಗೆ ಗುಮಾಸ್ತರಾಗಿದ್ದಿರಿ. ಮೂರು ವರ್ಷ ಬರಿಗಾಲಿಗೆ ಪಟ್ಟಿ ಸುತ್ತಿಕೊಂಡು ಆಡಿದಿರಿ. ಬೂಟು ಹಾಕಿಯೇ ಆಡಬೇಕೆಂದಾಗ ಅದರಲ್ಲಿ ಓಡಲು ಬಾರದೆ ಕೆಲಸವೂ ಹೋಯಿತು. ಕೋಲಾರದ ಗಣಿಯ ತಂಡ, ಹೈದರಾಬಾದ್, ಕೊಚ್ಚಿ, ಈಗ ಮದ್ರಾಸಿನ ಎರಡನೇ ಡಿವಿಷನ್ನು. ಗೆಲ್ಲುವ ತಂಡ ನಿಮ್ಮನ್ನು ಕರೆಯಲಿಲ್ಲ, ನಿಮ್ಮನ್ನು ಕರೆದ ತಂಡ ಗೆಲ್ಲಲಿಲ್ಲ.

"ಫುಟ್ಬಾಲಿಗಾಗಿ ಸಂಸಾರಸುಖವನ್ನೇ ತ್ಯಾಗ ಮಾಡಿದೆ." ತ್ಯಾಗ ಮಾಡುವವನು ತನ್ನದನ್ನು ಕೊಡಬೇಕು. ನೀವು ಕೊಟ್ಟದ್ದು ನನ್ನದನ್ನು. ಎರಡು ಸಲ ನನ್ನ ಬಸಿರು ನಿಲ್ಲಲಿಲ್ಲ. ಮೊದಲ ಸಲ ನೀವು ಬೊಂಬಾಯಿಯಿಂದ ಬರೆದಿರಿ, "ಧೈರ್ಯದಿಂದಿರು, ಭಾನುವಾರ ಸೆಮಿಫೈನಲ್." ಎರಡನೇ ಸಲ ಅಷ್ಟೂ ಬರೆಯಲಿಲ್ಲ. ಸೋತಿದ್ದಿರೆಂದು ಕಾಣುತ್ತದೆ. ಐವತ್ತೇಳರಲ್ಲಿ ಮುದ್ದು ಹೊಟ್ಟೆಯಲ್ಲಿದ್ದಾಗ ಮಾತ್ರ ಗಣಿಯ ತಂಡ ಬಿಟ್ಟು ಮಳೆಗಾಲಕ್ಕೆ ಮನೆಗೆ ಬಂದಿರಿ. ಹೆರಿಗೆಯವರೆಗೆ ಇಲ್ಲೇ ಇರುತ್ತೇನೆ ಎಂದು ನನ್ನ ತಾಯಿಯ ಎದುರು ಮಾತು ಕೊಟ್ಟಿರಿ. ಆಗಸ್ಟಿನಲ್ಲಿ ಹೈದರಾಬಾದಿನ ತಂಡದ ಕಾಗದ ಬಂತು. ನಾಲ್ಕನೇ ದಿನ ಟ್ರಂಕು ಎತ್ತಿಕೊಂಡಿರಿ. ಬಾಗಿಲಲ್ಲಿ ನಿಂತ ನನಗೆ ನೀವು ಹೇಳಿದ್ದು, "ಅಮ್ಮ ಇದ್ದಾರಲ್ಲ, ನಿನಗೆ ಎಂತ ಹೆದರಿಕೆ?" ಎಂದು. ನನಗೆ ಹೆದರಿಕೆ ಇರಲಿಲ್ಲ. ಅಸಹ್ಯ ಆಗಿತ್ತು. ಅದಕ್ಕೆ ಆಗ ಸರಿಯಾದ ಶಬ್ದ ಸಿಕ್ಕಿರಲಿಲ್ಲ, ಅಷ್ಟೆ.

"ತವರಿನ ಜನ ನನ್ನ ಆಟಕ್ಕೆ ಚಪ್ಪಾಳೆ ತಟ್ಟಿದ್ದನ್ನು ಮರೆಯಲಾರೆ." ಅರುವತ್ತರಲ್ಲಿ ನಿಮ್ಮ ತಂಡ ಇಲ್ಲಿಯ ಮೈದಾನದಲ್ಲಿ ಪ್ರದರ್ಶನದ ಆಟಕ್ಕೆ ಬಂದದ್ದನ್ನು ಹೇಳುತ್ತಿದ್ದೀರಿ ತಾನೇ? ನಾನು ಬರಲಿಲ್ಲ ಎಂದು ನೀವು ಮುಖ ಊದಿಸಿಕೊಂಡು ಹೋದಿರಿ. ಬಂದಿದ್ದೆ. ಶಾಲೆಯ ಎವ್ಲಿನ್ ಟೀಚರ್ ಜೊತೆ ಹಗ್ಗದ ಹಿಂದೆ ನಿಂತಿದ್ದೆ. ಹಾಫ್ ಬ್ಯಾಕಿನ ಜಾಗದಲ್ಲಿ ನೀವು ಇಡೀ ಹೊತ್ತು ಓಡಿದಿರಿ. ಎದುರಾಳಿಯ ಕಾಲಿನಿಂದ ಚೆಂಡು ಬಿಡಿಸಿಕೊಂಡಿರಿ, ಮುಂದಿನವನಿಗೆ ಕೊಟ್ಟಿರಿ, ಮತ್ತೆ ಹಿಂದಕ್ಕೆ ಓಡಿದಿರಿ. ಚಪ್ಪಾಳೆ ಎಲ್ಲ ಆ ಮುಂದಿನವನಿಗೆ. ಎವ್ಲಿನ್ ಕೇಳಿದರು, "ದೇಯಿ ಟೀಚರ್, ನಿಮ್ಮ ಯಜಮಾನರು ಯಾವುದು ಇದರಲ್ಲಿ?" ನಾನು ಗೋಲು ಹೊಡೆದವನನ್ನು ತೋರಿಸಿದೆ. ಆಕೆ "ಅಬ್ಬಾ, ಎಷ್ಟು ಚೆಂದ ಆಡ್ತಾರೆ ಮಾರಾಯ್ರೆ!" ಎಂದು ನನ್ನ ಕೈ ಹಿಡಿದು ಕುಲುಕಿದರು. ನನಗೆ ನಾಚಿಕೆಯಾಗಲಿಲ್ಲ.

ಇನ್ನು ಮನೆಗೆ ಬರುವ ಮಾತು. ಮನೆ ನಿಮ್ಮ ತಂದೆಯದು, ಬರಬೇಡಿ ಎನ್ನಲು ನಾನು ಯಾರು? ಆದರೆ ಮುದ್ದುವಿಗೆ ನೀವು ಫೋಟೋದಲ್ಲಿ ಎರಡನೇ ಸಾಲಿನ ಎಡತುದಿಯಲ್ಲಿ ನಿಂತಿರುವ ಒಬ್ಬ ಮನುಷ್ಯ. ಬಂದ ದಿನವೇ ಅವಳನ್ನು ಎತ್ತಿಕೊಳ್ಳಲು ಹೋಗಬೇಡಿ. ಕಚ್ಚುತ್ತಾಳೆ.

ತಿದ್ದಿದ ಭಾಷಣ ಇದರೊಂದಿಗೆ ಉಂಟು. ನಾಲ್ಕು ಪುಟ ಇದ್ದದ್ದು ಒಂದೇ ಪುಟ ಉಳಿದಿದೆ. ಜನರಿಗೂ ಬೇಗ ಮನೆಗೆ ಹೋಗಬಹುದು.

ಇಂತಿ, ನಿಮ್ಮ ತಪ್ಪುಗಳನ್ನು ತಿದ್ದಿದ
ದೇಯಿ

ತಾ.ಕ.: ಮೂರನೇ ಪುಟದ ಒಂದು ಸಾಲಿಗೆ ನಾನು ಎರಡು ಗೆರೆ ಎಳೆದಿದ್ದೇನೆ. "ಮೈಸೂರು ರಾಜ್ಯದ ತಂಡಕ್ಕೆ ನನ್ನನ್ನು ಒಮ್ಮೆಯೂ ಕರೆಯಲಿಲ್ಲ, ಮಂಗಳೂರಿನವರೆಂದರೆ ಆಯ್ಕೆ ಮಾಡುವವರಿಗೆ ಅಸಡ್ಡೆ" ಎಂಬ ಸಾಲು. ಅದು ಸುಳ್ಳು, ಆದರೆ ನಿಮ್ಮ ಸುಳ್ಳಲ್ಲ. ಐವತ್ತೇಳರ ಜುಲೈಯಲ್ಲಿ ನೀವು ಕಾರ್ಕಳಕ್ಕೆ ಆಡಲು ಹೋದ ದಿನ ಬೆಂಗಳೂರಿನಿಂದ ತಂತಿ ಬಂದಿತ್ತು. ರಾಜ್ಯದ ತಂಡದ ಶಿಬಿರಕ್ಕೆ ಕೂಡಲೇ ಹೊರಡಿ ಎಂದು. ನಾನು ಸಹಿ ಹಾಕಿ ತೆಗೆದುಕೊಂಡೆ, ಬಚ್ಚಲಿನ ಒಲೆಗೆ ಹಾಕಿದೆ. ತಂಡದ ಹೆಸರುಗಳು ಪೇಪರಿನಲ್ಲಿ ಬಂದಾಗ ನೀವು ಜಗಲಿಯಲ್ಲಿ ಕುಳಿತು ಅವರನ್ನು ಬೈದಿರಿ. ನಾನು ಚಹಾ ತಂದುಕೊಟ್ಟು, ಹೌದು, ಅವರಿಗೆ ಕಣ್ಣಿಲ್ಲ ಎಂದೆ. ನೀವು ಉಳಿಯಬೇಕೆಂದು ಮಾಡಿದ್ದು. ತಿಂಗಳೊಳಗೆ ನೀವು ಹೇಗೂ ಹೋದಿರಿ. ನಿಜವಾಗಿ ಒಳ್ಳೆಯ ಆಟಗಾರನಾದರೆ ಇನ್ನೊಮ್ಮೆ ಕರೆಯುತ್ತಾರೆ ಎಂದುಕೊಂಡೆ. ಅವರು ಕರೆಯದೆ ಕಳೆದ ಒಂದೊಂದು ವರ್ಷವೂ ನನಗೆ ಸಮಾಧಾನವೇ ಆಗುತ್ತಿತ್ತು. ಆ ಸಾಲನ್ನು ವೇದಿಕೆಯಲ್ಲಿ ಓದಬೇಡಿ. ಓದಿದರೆ ನಾನು ಹೆಂಗಸರ ಕಡೆಯಿಂದ ಎದ್ದು ನಿಂತು, ಕರೆದಿದ್ದರು ಎಂದು ಹೇಳಬೇಕಾಗುತ್ತದೆ.